ಮಾರಿಕುಪ್ಪಂ ಲೈನ್ – 9: ಒಂದು ರೂಪಾಯಿ ವಿಮಾನ

ಕೋರಮಂಡಲ್ ಸ್ಟೇಷನ್ನಲ್ಲಿ ಬೆಂಗಳೂರು ಗಾಡಿ ಕಾಯೋರೇ, ‘ಸೂರರೈ ಪೋಟ್ರು’ ನೋಡಿದೀರಿ ತಾನೆ? ನಮ್ಮೂರಲ್ಲಿ ನೋಡದೇ ಇರೋರು ಕಮ್ಮಿ. ಅದಕ್ಕೆ ಸ್ಫೂರ್ತಿ ನಮ್ಮ ಕ್ಯಾಪ್ಟನ್ ಗೋಪಿನಾಥ್.

ಇಲ್ಲಿ ಗಣಿ ಮುಚ್ಚಿದ್ದು 2001ರಲ್ಲಿ. ಎರಡು ವರ್ಷ ಕಳೆದು, 2003ರ ಆಗಸ್ಟ್‌ನಲ್ಲಿ, ಅವರ ಏರ್ ಡೆಕ್ಕನ್ ಸಣ್ಣ ಎಟಿಆರ್ ವಿಮಾನಗಳನ್ನ ಇಟ್ಕೊಂಡು ಬೆಂಗಳೂರು–ಹುಬ್ಬಳ್ಳಿ ಶುರು ಮಾಡ್ತು. ಪುಕ್ಕಟೆ ಊಟ ಇಲ್ಲ. ಮೊದಲೇ ಬುಕ್ ಮಾಡಿದ ಕೆಲವರಿಗೆ ಮಾತ್ರ ಒಂದು ರೂಪಾಯಿ ಸೀಟು.

ಸಿನಿಮಾ ಗೆಲುವಿನಲ್ಲೇ ನಿಂತುಬಿಡುತ್ತೆ. ಆಮೇಲಿನದು ಯಾರೂ ವಿಸಿಲ್ ಹಾಕೋ ಕಥೆ ಅಲ್ಲ. ಸ್ಪೈಸ್‌ಜೆಟ್, ಇಂಡಿಗೋ ಬಂದವು, ದರದ ಜಿದ್ದು ಏರಿತು, ಡೆಕ್ಕನ್ ನಷ್ಟಕ್ಕೆ ಬಿತ್ತು. 2007ರಲ್ಲಿ ಕಿಂಗ್‌ಫಿಷರ್ ಅದರ ಪಾಲು ಕೊಂಡಿತು, ಮುಂದೆ ಪೂರ್ತಿ ನುಂಗಿತು. 2012ರಲ್ಲಿ ಕಿಂಗ್‌ಫಿಷರ್ ವಿಮಾನಗಳೂ ನೆಲಕ್ಕೆ ಕೂತವು.

ನಮಗೆ ಬಿದ್ದ ಪೆಟ್ಟು ಬೇರೆ, ನನ್ನ ಪ್ರಕಾರ ಅದೇ ದೊಡ್ಡದು. 2008ರ ಮೇನಲ್ಲಿ ಏರ್‌ಪೋರ್ಟ್ ಎಚ್‌ಎಎಲ್‌ನಿಂದ ದೇವನಹಳ್ಳಿ ಕಡೆಗೆ ಹೋಯ್ತು. ಮುಂಚೆ ಕೆ.ಆರ್. ಪುರಂನಲ್ಲಿ ಇಳಿದು ಆಟೋ ಹಿಡಿದರೆ ಆಗ್ತಿತ್ತು. ಈಗ ಅಗ್ಗದ ಟಿಕೆಟ್ ಸಿಕ್ಕಿದ ಖುಷಿಗೆ ಮುಂಚೆ ಟ್ಯಾಕ್ಸಿ ದುಡ್ಡು ಕೂಡಿಸಿ ನೋಡಿ. ಬೆಳಗಿನ ಜಾವದ ವಿಮಾನ ಆದ್ರೆ ರಾತ್ರಿನೇ ಹೊರಡಬೇಕು.

ನಿಮ್ಮನೇಲಿ ಮೊದಲು ವಿಮಾನ ಹತ್ತಿದ್ದು ಯಾರು? ಎಚ್‌ಎಎಲ್‌ನಿಂದಲೋ, ದೇವನಹಳ್ಳಿಯಿಂದಲೋ? ಕೆಳಗೆ ಬರೀರಿ.