ಮೂರು ದಿನಗಳ ಔದಾರ್ಯ

ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ ನ್ಯಾಯಾಧೀಶನೊಬ್ಬನು ಸೆರೆಯಾಳೊಬ್ಬನಿಗೆ ವಾಯಿದೆಯ ಮೇಲೆ ಮೂರು ದಿನಗಳನ್ನು ಹೆಚ್ಚಾಗಿ ದಯಪಾಲಿಸಿದನು. ಆ ಔದಾರ್ಯದಿಂದ ಸೆರೆಯಾಳಿಗೆ ಒದಗಿದ ಹಾನಿಯು ವಾಚಕರಿಗೆ ವಿಚಿತ್ರವಾಗಿ ತೋರಬಹುದು.

ಆ ದೇಶದಲ್ಲಿ ಆಯಾ ಸಂಸ್ಥಾನದ ನ್ಯಾಯಾಸ್ಥಾನಗಳು ಬೇರೆ, ಒಕ್ಕೂಟದವು ಬೇರೆ. ಸಂಸ್ಥಾನದ ಸೆರೆಯಲ್ಲಿರುವವನು ತನ್ನ ಬಂಧನವು ರಾಜ್ಯಾಂಗಕ್ಕೆ ವಿರುದ್ಧವೆಂದು ಒಕ್ಕೂಟದ ನ್ಯಾಯಾಸ್ಥಾನದಲ್ಲಿ ಮೊರೆಯಿಡುವ ಹಕ್ಕು 1867ರ ಕಾನೂನಿನಿಂದ ವಿಸ್ತಾರವಾಗಿ ದೊರೆಯಿತು. ಇದೇ ಹೇಬಿಯಸ್ ಕಾರ್ಪಸ್ ಅರ್ಜಿ. ಹಿಡಿದಿಟ್ಟವರು ಹಿಡಿದಿಟ್ಟದ್ದಕ್ಕೆ ಕಾರಣವನ್ನು ಹೇಳಬೇಕೆಂಬುದು ಅದರ ತಾತ್ಪರ್ಯ. ಅದರ ಸತ್ತ್ವವು 1923ರಲ್ಲಿ ಪ್ರಕಟವಾಯಿತು. ಅರ್ಕಾನ್ಸಾ ಸಂಸ್ಥಾನದ ಕೆಲವು ಕಪ್ಪು ಜನಾಂಗದ ರೈತರಿಗೆ ಮರಣದಂಡನೆಯಾಗಿತ್ತು. ವಿಚಾರಣೆಯು ಮುಕ್ಕಾಲು ಗಂಟೆಯಲ್ಲಿ ಮುಗಿಯಿತು, ಜ್ಯೂರಿಗೆ ಐದು ನಿಮಿಷವೂ ಬೇಕಾಗಲಿಲ್ಲ, ಹೊರಗೆ ಉದ್ರಿಕ್ತ ಜನಸಮೂಹವು ಕಾದು ನಿಂತಿತ್ತು ಎಂದು ಅರ್ಜಿಯು ಹೇಳಿತು. ಇಂತಹುದು ವಿಚಾರಣೆಯ ವೇಷವೇ ಹೊರತು ವಿಚಾರಣೆಯಲ್ಲವಾದ್ದರಿಂದ, ಒಕ್ಕೂಟದ ನ್ಯಾಯಾಧೀಶನೇ ಸಂಗತಿಗಳನ್ನು ಪರಿಶೀಲಿಸಬೇಕೆಂದು ಹೋಮ್ಸ್ ಅವರು ಶ್ರೇಷ್ಠ ನ್ಯಾಯಾಲಯದ ಪರವಾಗಿ ಬರೆದರು. ಆ ರೈತರು ಮರಣದಿಂದ ಪಾರಾದರು.

ನಮ್ಮ ಸೆರೆಯಾಳು ಓಹಾಯೋ ಸಂಸ್ಥಾನದವನು. ಕೊಲೆಗಾಗಿ ಹದಿನೈದು ವರ್ಷದಿಂದ ಆಜೀವದವರೆಗಿನ ಶಿಕ್ಷೆಗೆ ಗುರಿಯಾದವನು. ಅವನು ನಿರ್ದೋಷಿಯೆಂಬುದು ಇಲ್ಲಿಯ ವಾದವಲ್ಲ. 2003ರಲ್ಲಿ ಅವನ ಅರ್ಜಿಯು ವಜಾ ಆಯಿತು. ಅಪೀಲಿನ ಮೂವತ್ತು ದಿನಗಳು ಕಳೆದುಹೋದುವು. ಅವಧಿಯನ್ನು ಮತ್ತೆ ತೆರೆಯಬೇಕೆಂದು ಬೇಡಿಕೊಂಡನು. 2004ರ ಫೆಬ್ರುವರಿ 10ರಂದು ನ್ಯಾಯಾಧೀಶನು ಒಪ್ಪಿದನು. ಕಾನೂನಿನಂತೆ ಹದಿನಾಲ್ಕು ದಿನ, ಎಂದರೆ 24ರವರೆಗೆ, ಅವಕಾಶವಿತ್ತು. ಆಜ್ಞೆಯಲ್ಲಿ ಮಾತ್ರ 27 ಎಂದು ಬರೆದಿತ್ತು. ನ್ಯಾಯಾಧೀಶನ ಲೆಕ್ಕವನ್ನು ಬೆರಳು ಮಡಿಸಿ ಪರೀಕ್ಷಿಸುವ ವಕೀಲರು ಎಷ್ಟು ಮಂದಿ! ಅಪೀಲು 26ರಂದು ದಾಖಲಾಯಿತು.

2007ರ ಜೂನ್ 14ರಂದು ಶ್ರೇಷ್ಠ ನ್ಯಾಯಾಲಯವು ಐವರು ನಾಲ್ವರಂತೆ ತೀರ್ಪಿತ್ತಿತು. ಶಾಸನಸಭೆ ವಿಧಿಸಿದ ಗಡುವನ್ನು ಬೆಳೆಸಲು ಯಾವ ನ್ಯಾಯಾಧೀಶನಿಗೂ ಅಧಿಕಾರವಿಲ್ಲವೆಂದು ಬಹುಮತದವರ ಪರವಾಗಿ ಥಾಮಸ್ ಅವರು ಬರೆದರು. ಈ ಮಾತು ಹುರುಳಿಲ್ಲದ್ದೇನೂ ಅಲ್ಲ. ನ್ಯಾಯಾಧೀಶನ ಕೈತಪ್ಪು ಶಾಸನವನ್ನು ತಿದ್ದುವಂತಾದರೆ ಶಾಸನಕ್ಕೆ ಬೆಲೆಯೆಲ್ಲಿ? ಆದರೆ ನ್ಯಾಯಾಸ್ಥಾನದ ಮಾತನ್ನು ನಂಬಿದವನನ್ನು ಆ ನಂಬಿಕೆಗಾಗಿಯೇ ಹೊರಗಟ್ಟುವುದು ಸಲ್ಲದೆಂದು ಸೂಟರ್ ಅವರು, ಇನ್ನು ಮೂವರೊಡನೆ, ತೀವ್ರವಾಗಿ ಭಿನ್ನಮತವನ್ನು ಸೂಚಿಸಿದರು. ಮುಕ್ಕಾಲು ಗಂಟೆಯ ವೇಷವನ್ನು ಸೀಳಿ ನೋಡಿದ ಅರ್ಜಿಯೇ ಇಲ್ಲಿ ಎರಡು ದಿನಗಳ ಹೊಸ್ತಿಲನ್ನು ದಾಟಲಾರದೆ ನಿಂತಿತು. ಓಹಾಯೋದ ಆ ಬಂಧನವು ನ್ಯಾಯವೋ ಅನ್ಯಾಯವೋ ಎಂಬ ಪ್ರಶ್ನೆಯನ್ನು ಮೇಲಿನ ನ್ಯಾಯಾಸ್ಥಾನವು ಎತ್ತಿಕೊಳ್ಳಲೇ ಇಲ್ಲ.