ಮೊದಲ ಮಳೆಗೆ ಕೊನೆಯ ಕಂತು

2022ರ ಮೇ ತಿಂಗಳ ಒಂದು ರಾತ್ರಿ ನಮ್ಮ ಮನೆಯ ಮುಂದಿನ ಖೋಲಿಯ ಛತ್ತಿನಿಂದ ರೊಟ್ಟಿ ಹಂಚಿನಷ್ಟು ಅಗಲದ ಸಿಮೆಂಟಿನ ತುಂಡು ಕಳಚಿ ಬಿತ್ತು. ಬಿದ್ದದ್ದು ಅವ್ವ ದಿನಾ ಮಲಗುವ ಮಂಚದ ಮೇಲೆ, ತಲೆದಿಂಬು ಇರುವ ಕಡೆಗೇ. ಅವತ್ತು ವಿಪರೀತ ಸೆಕೆ. ಒಳಗೆ ಮಲಗಲು ಆಗದೆ ಅವ್ವ ಚಾಪೆ ತೆಗೆದುಕೊಂಡು ಅಂಗಳಕ್ಕೆ ಹೋಗಿದ್ದಳು. ಯಾವ ಸೆಕೆಯನ್ನು ಬೇಸಿಗೆಯೆಲ್ಲ ಬೈದುಕೊಂಡಿದ್ದೆವೋ ಅದೇ ಸೆಕೆ ಅವತ್ತು ಅವ್ವನನ್ನು ಉಳಿಸಿತು.

ಬೆಳಿಗ್ಗೆ ನೋಡಿದರೆ ತುಂಡು ಬಿದ್ದ ಜಾಗದಲ್ಲಿ ಕಬ್ಬಿಣದ ರಾಡು ಕಾಣುತ್ತಿತ್ತು. ಕೆಂಪಗೆ ಜಂಗು ಹಿಡಿದು ಉಬ್ಬಿತ್ತು. ಆ ಸ್ಲ್ಯಾಬಿಗೆ ಆಗಿನ್ನೂ ನಾಲ್ಕೇ ವರ್ಷ.

ನಾವು ಪತ್ರಿಕೆಗೆ ಸುದ್ದಿ ಕಳಿಸುವವರು. ಅಂಗನವಾಡಿಯ ಛತ್ತು ಉದುರಿದ್ದು, ಶಾಲೆಯ ಗೋಡೆ ಬಿರುಕು ಬಿಟ್ಟದ್ದು ಎಷ್ಟು ಬರೆದಿದ್ದೇವೋ ಲೆಕ್ಕವಿಲ್ಲ. ಪ್ರತಿ ಸಲವೂ ‘ಕಳಪೆ ಕಾಮಗಾರಿ’ ಎಂದು ಶೀರ್ಷಿಕೆ ಕೊಡುತ್ತಿದ್ದೆವು. ಕಳಪೆ ಎಂದರೆ ಏನು, ಎಲ್ಲಿ ಏನು ಕಡಿಮೆಯಾಗುತ್ತದೆ ಎಂದು ಒಂದು ಸಲವೂ ಕೇಳಿ ತಿಳಿದುಕೊಂಡಿರಲಿಲ್ಲ. ನಮ್ಮ ಮನೆಯ ಛತ್ತು ಉದುರಿದ ಮೇಲೆ ಕೇಳಿದೆವು. ಆಗ ತಿಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇವೆ. ನಿಮ್ಮಲ್ಲಿ ಯಾರಾದರೂ ಈ ವರ್ಷ ಮನೆಗೆ ಕೈ ಹಾಕುವವರಿದ್ದರೆ ಉಪಯೋಗಕ್ಕೆ ಬಂದೀತು.

ನಮ್ಮದು ರಾಯಚೂರು ಜಿಲ್ಲೆ. ಮೇಲೆ ಕೃಷ್ಣೆ, ಕೆಳಗೆ ತುಂಗಭದ್ರೆ, ನಡುವೆ ನಾವು. ಎರಡು ನದಿ ಇದ್ದರೂ ಏಪ್ರಿಲ್ ಬಂತೆಂದರೆ ನಮ್ಮೂರು ಮರಳುಗಾಡಿಗೆ ಹತ್ತಿರದ ಸಂಬಂಧಿ ಆಗಿಬಿಡುತ್ತದೆ. ಬಿಸಿಲು 42 ಡಿಗ್ರಿ ದಾಟುವುದು ಇಲ್ಲಿ ಸುದ್ದಿಯೇ ಅಲ್ಲ. ನಲ್ಲಿಯಲ್ಲಿ ನೀರು ಬರುವುದು ನಾಲ್ಕು ದಿನಕ್ಕೊಮ್ಮೆ. ಬೋರಿನ ನೀರು ಸವಳು. ಇಂಥ ಕಡೆ ಮನೆ ಕಟ್ಟುವುದೂ ಬೆಂಗಳೂರಲ್ಲೋ ಮಲೆನಾಡಲ್ಲೋ ಕಟ್ಟುವುದೂ ಒಂದೇ ಅಲ್ಲ. ಇದು ನಮಗೆ ಮೊದಲು ಗೊತ್ತಿರಲಿಲ್ಲ. ನಮ್ಮ ಮೊದಲ ಮೇಸ್ತ್ರಿಗೆ ಗೊತ್ತಿತ್ತೋ ಇಲ್ಲವೋ, ಅವರು ಹೇಳಲಿಲ್ಲ.

ಆ ಮೇಸ್ತ್ರಿ ದೂರದವರಲ್ಲ. ಬೀಗರ ಕಡೆಯವರು. 2018ರಲ್ಲಿ ಮುಂದಿನ ಖೋಲಿ ಹಾಕಿಸಬೇಕು ಎಂದಾಗ ಮೂರು ಮಂದಿ ರೇಟು ಹೇಳಿದ್ದರು. ಸಾಮಾನು ಸಮೇತ ಎಲ್ಲರಿಗಿಂತ ಕಡಿಮೆ ಹೇಳಿದವರು ಇವರೇ. ಸಂಬಂಧಿಕರು ಬೇರೆ. ಕಾಗದ ಪತ್ರ ಮಾಡಿಕೊಂಡರೆ ತಪ್ಪು ತಿಳಿದಾರು ಎಂದು ಬಾಯಿ ಮಾತಿನಲ್ಲೇ ಮುಗಿಸಿದೆವು. ಏಪ್ರಿಲ್ ತಿಂಗಳಲ್ಲಿ ಸ್ಲ್ಯಾಬ್ ಹಾಕಿದರು. ಕೆಲಸ ಶುರುವಾಗುವಾಗ ಬೆಳಿಗ್ಗೆ ಹತ್ತೂವರೆ, ಮುಗಿಯುವಾಗ ಮಧ್ಯಾಹ್ನ ಮೂರು. ಐದನೇ ದಿನ ಸೆಂಟ್ರಿಂಗ್ ಬಿಚ್ಚಿಕೊಂಡು ಬೇರೆ ಕೆಲಸಕ್ಕೆ ಒಯ್ದರು.

ಛತ್ತು ಉದುರಿದ ಮೇಲೆ ಅವರನ್ನು ಕೇಳಿದೆವು. ‘ನೀವು ನೀರು ಹೊಡೀಲಿಲ್ಲಲ್ರೀ’ ಎಂದರು. ಸಿಟ್ಟು ಬಂತು. ಆದರೆ ಅದು ಅರ್ಧ ನಿಜ. ಅದು ವಿಧಾನಸಭೆ ಚುನಾವಣೆಯ ಕಾಲ. ನಾವು ದಿನಾ ಪ್ರಚಾರ ಸಭೆಗಳ ಹಿಂದೆ ಅಲೆಯುತ್ತಿದ್ದೆವು. ಅವ್ವ ಮೂರು ದಿನ ಕೊಡದಲ್ಲಿ ನೀರು ಹೊತ್ತು ಹಾಕಿದಳು. ನಾಲ್ಕನೇ ದಿನ ಕುಡಿಯುವುದಕ್ಕೇ ನೀರು ಇರಲಿಲ್ಲ.

ಆಮೇಲೆ ಊರಿಗೆ ಬಂದ ಒಬ್ಬ ಎಂಜಿನಿಯರ್ ಉದುರಿದ ಜಾಗ ನೋಡಿ ತಿಳಿಸಿ ಹೇಳಿದರು. ಕಾಂಕ್ರೀಟು ಒಣಗಿ ಗಟ್ಟಿಯಾಗುವುದಿಲ್ಲ, ನೀರು ಕುಡಿದು ಗಟ್ಟಿಯಾಗುತ್ತದೆ. ನಮ್ಮ ಬಿಸಿಲಿಗೆ ಮೇಲಿನ ನೀರು ಗಂಟೆಗಳಲ್ಲಿ ಆರಿ ಸಣ್ಣ ಬಿರುಕು ಬೀಳುತ್ತದೆ. ಆ ಬಿರುಕಿನಿಂದ ಮಳೆ ನೀರು ಕಬ್ಬಿಣ ಮುಟ್ಟುತ್ತದೆ. ರಾಡಿನ ಕೆಳಗೆ ಕನಿಷ್ಠ 20 ಮಿಲಿಮೀಟರ್ ಕಾಂಕ್ರೀಟು ಇರಬೇಕು. ಅದಕ್ಕೇ ಕವರ್ ಬ್ಲಾಕ್ ಇಡುತ್ತಾರೆ. ನಮ್ಮ ಸ್ಲ್ಯಾಬಿನಲ್ಲಿ ರಾಡುಗಳು ಶೀಟಿನ ಮೇಲೇ ಮಲಗಿದ್ದವು. ಜಂಗು ಹಿಡಿದ ಕಬ್ಬಿಣ ಉಬ್ಬುತ್ತದೆ, ಉಬ್ಬಿದ್ದು ಸಿಮೆಂಟನ್ನು ಕೆಳಕ್ಕೆ ತಳ್ಳುತ್ತದೆ. ಕಳಪೆ ಎಂಬ ಒಂದು ಶಬ್ದದ ಒಳಗೆ ಇಷ್ಟೆಲ್ಲ ಇತ್ತು.

ಎರಡನೇ ಸಲ ಮೇಸ್ತ್ರಿಯನ್ನು ಹುಡುಕುವಾಗ ನಾವು ರೇಟು ಕೊನೆಗೆ ಕೇಳಿದೆವು.

ಮೊದಲು ಹೋದದ್ದು ಅವರು ಕಟ್ಟಿದ ಮನೆಗಳಿಗೆ. ಹೊಸ ಮನೆಗಳಿಗಲ್ಲ, ಹೊಸದು ಎಲ್ಲವೂ ಚೆಂದವೇ ಕಾಣುತ್ತದೆ. ಐದು ಮಳೆಗಾಲ ಕಂಡ ಮನೆಗಳಿಗೆ ಹೋದೆವು. ಅದೂ ಮಧ್ಯಾಹ್ನ ಮೂರು ಗಂಟೆಗೆ. ಒಳಗೆ ಹತ್ತು ನಿಮಿಷ ಕೂತರೆ ಮನೆ ತಾನೇ ಹೇಳುತ್ತದೆ. ಗಂಡಸರನ್ನು ಕೇಳಿದರೆ ‘ಎಲ್ಲಾ ಛಲೋ ಐತ್ರಿ’ ಎನ್ನುತ್ತಾರೆ. ಮನೆಯ ಹೆಣ್ಣುಮಕ್ಕಳನ್ನು ಕೇಳಬೇಕು. ಎಲ್ಲಿ ಸೋರುತ್ತದೆ, ಯಾವ ಗೋಡೆ ರಾತ್ರಿ ಹತ್ತಾದರೂ ಕಾದಿರುತ್ತದೆ, ಕರೆದಾಗ ಮೇಸ್ತ್ರಿ ತಿರುಗಿ ಬಂದಿದ್ದನೋ ಇಲ್ಲವೋ ಎಲ್ಲವನ್ನೂ ಅವರು ಬೆರಳು ತೋರಿಸಿ ಹೇಳುತ್ತಾರೆ.

ಹಾಗೆ ನೋಡಿ ಮೂವರನ್ನು ಮನೆಗೆ ಕರೆಸಿದೆವು.

ಮೊದಲನೆಯವರು ನಿಂತಲ್ಲೇ ಹೆಜ್ಜೆ ಅಳತೆ ಮಾಡಿ, ಹಳೆಯ ಮನೆಯನ್ನೂ ಕೆಡವಿ ಎಲ್ಲಾ ಆರ್‌ಸಿಸಿ ಮಾಡಿಬಿಡೋಣ ಎಂದರು. ಎರಡನೆಯವರು ಫೋನಿನಲ್ಲಿ ಬಣ್ಣ ಬಣ್ಣದ ಎಲಿವೇಶನ್ ತೋರಿಸಿದರು. ಮುಂದೆಲ್ಲ ಗಾಜು. ಪಡುವಣ ಬಿಸಿಲಿಗೆ ಗಾಜು ಇಟ್ಟರೆ ಒಳಗಿದ್ದವರು ಏನಾಗಬೇಕು ಎಂದು ಕೇಳಿದೆವು. ‘ಎಸಿ ಕೂಡಿಸ್ರಿ’ ಎಂದರು.

ಮೂರನೆಯವರು ವಯಸ್ಸಾದ ಗೌಂಡಿ. ಹತ್ತಿರದ ಊರಿನವರು. ಬಂದವರೇ ಕೇಳಿದ್ದು ಒಂದೇ ಪ್ರಶ್ನೆ.

‘ನೀರು ಎಲ್ಲಿಂದ ತರ್ತೀರಿ?’

ನಮಗೆ ಅಲ್ಲೇ ಅರ್ಧ ಮನಸ್ಸು ಕೂತಿತು. ಬೋರಿನ ನೀರು ನಾಲಿಗೆಗೆ ಹಚ್ಚಿ ನೋಡಿ ಉಗುಳಿದರು. ‘ಇದು ಬ್ಯಾಡ. ಮನಷಾ ಕುಡಿಯೋ ನೀರ ಕಾಂಕ್ರೀಟಿಗೂ ಬೇಕು’ ಎಂದರು. ಎರಿ ನೆಲ ಎಂದು ಹೇಳಿದಾಗ ತಾವೇ ಮೂಲೆಯಲ್ಲಿ ಗುಂಡಿ ತೋಡಿಸಿದರು. ಎರಿ ಮಣ್ಣು ಮಳೆಗಾಲದಲ್ಲಿ ಉಬ್ಬುತ್ತದೆ, ಬೇಸಿಗೆಯಲ್ಲಿ ಬಾಯಿ ಬಿಡುತ್ತದೆ, ಅದರ ಜೊತೆ ಗೋಡೆಯೂ ಏರಿಳಿದು ಸೀಳುತ್ತದೆ. ಗರಸು ಸಿಗುವವರೆಗೆ ಪಾಯ ಇಳಿಯಬೇಕು, ಮೇಲೆ ಪ್ಲಿಂಥ್ ಬೀಮ್ ಕಟ್ಟಬೇಕು ಎಂದರು. ನಮ್ಮ ಪುಣ್ಯ, ಮುಂದಿನ ಖೋಲಿಯ ಪಾಯ ಗರಸಿನ ಮೇಲೇ ಕೂತಿತ್ತು. ಗೋಡೆ ಗಟ್ಟಿ ಇದ್ದವು.

ಆಮೇಲೆ ಹಿಂದಿನ ಹಳೆಯ ಮನೆಗೆ ಹೋದರು. ಅದು ಅಪ್ಪ ಇದ್ದಾಗಿನ ಮಾಳಿಗೆ ಮನೆ. ಎರಡು ಫೂಟು ದಪ್ಪದ ಕಲ್ಲಿನ ಗೋಡೆ, ಮೇಲೆ ತೊಲೆ, ಜಂತಿ, ಅದರ ಮೇಲೆ ಮಣ್ಣು. ತೊಲೆಗೆ ಗೆದ್ದಲು ಹತ್ತಿತ್ತು, ಒಂದು ಮೂಲೆ ಸೋರುತ್ತಿತ್ತು. ನಾವೂ ಕೆಡವುವ ಯೋಚನೆಯಲ್ಲೇ ಇದ್ದೆವು. ಅವರು ಗೋಡೆಗೆ ಅಂಗೈ ಇಟ್ಟು ನಿಂತರು. ಹೊರಗೆ ಬೆಂಕಿ, ಒಳಗೆ ತಂಪು.

‘ಇದನ್ನ ಕೆಡವಬ್ಯಾಡ್ರಿ. ಎರಡು ತೊಲಿ ಬದಲ ಮಾಡ್ರಿ, ಮ್ಯಾಲಿನ ಮಣ್ಣು ತಗದು ಹೊಸಾದು ಹಾಕ್ರಿ, ನೀರು ಹರಿಯೋ ವಾಟ ಮಾಡ್ರಿ. ಇಂಥಾ ಗ್ವಾಡಿ ನನ್ನ ಕೈಲಿಂದ ಈಗ ಆಗಂಗಿಲ್ಲ’ ಎಂದರು.

ಕೆಡವಿ ಕಟ್ಟಿದ್ದರೆ ಅವರಿಗೆ ಆರು ತಿಂಗಳ ಕೆಲಸ. ಬೇಡ ಎಂದು ಹೇಳಿ ತಮ್ಮ ದುಡಿಮೆಯನ್ನು ತಾವೇ ಕಡಿಮೆ ಮಾಡಿಕೊಂಡರು. ಕೆಲಸ ಅವರಿಗೇ ಎಂದು ಅವತ್ತೇ ಮಾತಾಯಿತು. ಅವರ ರೇಟು ಮೂವರಲ್ಲಿ ಕಡಿಮೆಯದಾಗಿರಲಿಲ್ಲ, ನಡುವಿನದು.

ಈ ಸಲ ಎರಡು ಹಾಳೆಯಲ್ಲಿ ಕರಾರು ಬರೆದೆವು. ಬರೆಯುವುದು ಅಪನಂಬಿಕೆ ಅಲ್ಲ. ಆರು ತಿಂಗಳಾದ ಮೇಲೆ ಯಾರು ಏನು ಹೇಳಿದ್ದರು ಎಂದು ಇಬ್ಬರಿಗೂ ಮರೆತಿರುತ್ತದೆ, ಅದಕ್ಕೆ ಬರೆಯುವುದು. ಸಿಮೆಂಟು, ಕಬ್ಬಿಣ ನಾವು ತರುವುದು, ಕೂಲಿ ಮತ್ತು ಸೆಂಟ್ರಿಂಗ್ ಅವರದು. ಚದರಡಿ ಲೆಕ್ಕದಲ್ಲಿ ಸಜ್ಜಾ, ಪ್ಯಾರಾಪೆಟ್ ಸೇರಿತೋ ಇಲ್ಲವೋ ಎಂಬುದೂ ಬಂತು. ಜಗಳ ಆಗುವುದೇ ಅಲ್ಲಿ. ಮುಂಗಡ ಹತ್ತರಲ್ಲಿ ಒಂದು ಪಾಲು. ಉಳಿದದ್ದು ಕೆಲಸ ನಡೆದ ಹಾಗೆ. ಕೊನೆಯ ಹತ್ತರಲ್ಲೊಂದು ಪಾಲು ಮಾತ್ರ ಮೊದಲ ದೊಡ್ಡ ಮಳೆ ಆಗಿ, ಛತ್ತು ಸೋರದಿದ್ದರೆ. ಇದು ನಾವು ಹಾಕಿದ ಶರತ್ತು. ಅವರು ನಕ್ಕು ಸಹಿ ಮಾಡಿದರು.

ಇನ್ನೊಂದು ಸಂಗತಿ ಅವರ ಜೊತೆ ಬಂದ ಕೂಲಿಯವರಿಂದ ತಿಳಿಯಿತು. ಪ್ರತಿ ಸಂತೆ ದಿನ ಅವರಿಗೆ ಪಗಾರ ಮುಟ್ಟುತ್ತಿತ್ತು. ಪಗಾರ ಕೊಡದ ಮೇಸ್ತ್ರಿಯ ಆಳುಗಳು ಅರ್ಧದಲ್ಲೇ ಬಿಟ್ಟು ಹೋಗುತ್ತಾರೆ, ನಮ್ಮ ಕೆಲಸ ಅಲ್ಲೇ ನಿಲ್ಲುತ್ತದೆ. ಅವರಲ್ಲಿ ನಾಲ್ವರ ಹತ್ತಿರ ಕಟ್ಟಡ ಕಾರ್ಮಿಕರ ಮಂಡಳಿಯ ಕಾರ್ಡು ಇತ್ತು. ಹಿಂದಿನ ಒಂದು ವರ್ಷದಲ್ಲಿ 90 ದಿನ ಕೆಲಸ ಮಾಡಿದವರಿಗೆ ಆ ಕಾರ್ಡು ಮಾಡಿಸಲು ಬರುತ್ತದೆ. ಕಾರ್ಡು ಇಲ್ಲದ ಇಬ್ಬರು ಹೆಣ್ಣುಮಕ್ಕಳಿಗೆ ಅರ್ಜಿ ಹಾಕಿಸಿದ್ದು ನಾವು ಮಾಡಿದ ಒಂದೇ ಒಂದು ಉಪಕಾರ.

ಬೇಸಿಗೆಯಲ್ಲಿ ಸ್ಲ್ಯಾಬ್ ಬೇಡವೇ ಬೇಡ ಎಂದರು. ಕಾದೆವು. ದೀಪಾವಳಿ ಮುಗಿದ ಮೇಲೆ, ನವೆಂಬರಿನಲ್ಲಿ ಹಳೆಯ ಸ್ಲ್ಯಾಬ್ ಒಡೆದು ಹೊಸದು ಹಾಕಿದರು. ಬೆಳಗಿನ ಐದು ಗಂಟೆಗೆ ಮಿಕ್ಸರ್ ತಿರುಗಿತು, ಬಿಸಿಲು ಏರುವ ಹೊತ್ತಿಗೆ ಕೆಲಸ ಮುಗಿದಿತ್ತು. ಹನ್ನೆರಡು ಫೂಟು ಅಗಲ, ಹದಿನಾಲ್ಕು ಫೂಟು ಉದ್ದ, ಐದು ಇಂಚು ದಪ್ಪ. 16 ಚೀಲ ಸಿಮೆಂಟು ಹಿಡಿಯಿತು, ಖಾಲಿ ಚೀಲಗಳನ್ನು ಅವ್ವ ಎಣಿಸಿ ಇಟ್ಟಳು. ಚೀಲಕ್ಕೆ 30 ಲೀಟರಿನ ಮೇಲೆ ಒಂದು ತಂಬಿಗೆ ನೀರು ಬೀಳಲು ಅವರು ಬಿಡಲಿಲ್ಲ. ನೀರು ಜಾಸ್ತಿಯಾದರೆ ಸುರಿಯುವುದು ಸುಲಭ, ಕಾಂಕ್ರೀಟು ಮಾತ್ರ ಬಲ ಕಳೆದುಕೊಳ್ಳುತ್ತದೆ. ಮಾರನೇ ದಿನ ಸಣ್ಣ ಕಟ್ಟೆ ಕಟ್ಟಿ ನೀರು ನಿಲ್ಲಿಸಿದರು. ಬಿಸಿ ಒಣ ಹವೆಯಲ್ಲಿ ಕಡಿಮೆ ಎಂದರೂ ಹತ್ತು ದಿನ ನೀರು ಬೇಕು. ಈಗಿನ ಮಿಶ್ರ ಸಿಮೆಂಟಿಗೆ ಹದಿನಾಲ್ಕು ದಿನ ಒಳ್ಳೆಯದು. ಹದಿನಾಲ್ಕೂ ದಿನ ಟ್ಯಾಂಕರ್ ತರಿಸಿದೆವು. ಸೆಂಟ್ರಿಂಗ್ ಬಿಚ್ಚಿದ್ದು ಆಮೇಲೆಯೇ. ಕೊನೆಗೆ ಛತ್ತಿನ ಮೇಲೆ ದಪ್ಪಗೆ ಬಿಳಿ ಸುಣ್ಣ ಬಳಿಸಿದರು. ಬಿಳಿ ಬಣ್ಣ ಬಿಸಿಲನ್ನು ವಾಪಸು ಕಳಿಸುತ್ತದೆ. ಖರ್ಚಿನಲ್ಲಿ ಎಲ್ಲಕ್ಕಿಂತ ಅಗ್ಗದ ಕೆಲಸ ಅದೇ.

ಇಲ್ಲಿಗೆ ಮುಗಿದಿದ್ದರೆ ಚೆನ್ನಾಗಿತ್ತು. ಆದರೆ 2023 ನಿಮಗೆಲ್ಲ ನೆನಪಿದೆ. ಅದು ಬರದ ವರ್ಷ. ಜೂನ್ ಬಂತು, ಮಳೆ ಬರಲಿಲ್ಲ. ಮೇಸ್ತ್ರಿ ಒಂದು ಸಲ ಬಂದು ಚಹಾ ಕುಡಿದು ಹೋದರು, ಹಣದ ಮಾತು ತೆಗೆಯಲಿಲ್ಲ. ಎರಡನೇ ಸಲ ಬಂದಾಗ ಮಗಳ ಶಾಲೆಯ ಫೀ ಕಟ್ಟಬೇಕು ಎಂದರು. ನಾವು ಕರಾರಿನ ಹಾಳೆ ತೆಗೆದೆವು. ‘ಮೊದಲ ದೊಡ್ಡ ಮಳೆ’ ಎಂದು ನಮ್ಮದೇ ಕೈಬರಹದಲ್ಲಿ ಇತ್ತು.

ಅವ್ವ ಅಡುಗೆ ಮನೆಯಿಂದಲೇ ಹೇಳಿದಳು. ‘ಮಳಿ ಆಗದಿದ್ರ ಅವರದೇನು ತಪ್ಪು ತಮ್ಮಾ? ಮುಗಲು ಮಾಡಿದ್ದಕ್ಕ ಅವರ ಪಗಾರ ಹಿಡೀತೀಯೇನು?’

ಉತ್ತರ ತೋಚಲಿಲ್ಲ. ಮೊದಲನೇ ಸಲ ಏನೂ ಬರೆಯದೆ ಕೆಟ್ಟಿದ್ದೆವು. ಈ ಸಲ ಬರೆದದ್ದನ್ನೇ ಹಿಡಿದುಕೊಂಡು ಒಬ್ಬ ದುಡಿದವರನ್ನು ಬಾಗಿಲಲ್ಲಿ ನಿಲ್ಲಿಸಿದ್ದೆವು.

ಮೇಸ್ತ್ರಿಯವರೇ ದಾರಿ ತೋರಿಸಿದರು. ‘ಮಳಿ ಬರಲಿಲ್ಲಂದ್ರ ನಾವ ಬರಿಸೋಣ್ರಿ’ ಎಂದರು. ಮಾರನೇ ದಿನ ಪೈಪುಗಳ ಬಾಯಿ ಮುಚ್ಚಿ, ಛತ್ತಿನ ಮೇಲೆ ಎರಡು ಇಂಚು ನೀರು ನಿಲ್ಲಿಸಿದೆವು. ಹೆಚ್ಚು ಕಡಿಮೆ 800 ಲೀಟರು. ಎರಡು ದಿನ ಬಿಟ್ಟು ಅವರು ಬಂದು ಟಾರ್ಚು ಹಿಡಿದು ಛತ್ತಿನ ಮೂಲೆ ಮೂಲೆ ನೋಡಿದರು. ನಾವೂ ನೋಡಿದೆವು. ಒಂದು ಕಡೆಯೂ ಒದ್ದೆ ಇರಲಿಲ್ಲ. ಮೇಲಿನ ನೀರನ್ನು ಅವ್ವ ಚೆಲ್ಲಲು ಬಿಡಲಿಲ್ಲ. ಪೈಪು ಬಿಚ್ಚಿ ಹಂಡೆ, ಬಕೆಟ್ಟಿಗೆ ಹಿಡಿದು ನಿಂಬೆ ಗಿಡಕ್ಕೂ ಎಮ್ಮೆ ಮೈ ತೊಳೆಯಲೂ ಹಾಕಿದಳು.

ಕೊನೆಯ ಕಂತು ಅವತ್ತೇ ಕೊಟ್ಟೆವು. ನೀವು ಕರಾರು ಬರೆಯುವುದಾದರೆ ‘ಮೊದಲ ಮಳೆ’ ಎಂದು ಬರೆಯಬೇಡಿ. ನಮ್ಮ ಸೀಮೆಯಲ್ಲಿ ಮಳೆಯನ್ನು ನಂಬಿ ಕರಾರು ಮಾಡಲು ಬರುವುದಿಲ್ಲ. ‘ಎರಡು ದಿನ ನೀರು ನಿಲ್ಲಿಸಿ ನೋಡಿದ ಮೇಲೆ’ ಎಂದು ಬರೆಯಿರಿ.

ಬೀಗರ ಕಡೆಯ ಆ ಮೊದಲ ಮೇಸ್ತ್ರಿ ನಮ್ಮ ಮನೆಗೆ ಈಗ ಬರುವುದಿಲ್ಲ. ಹಬ್ಬಕ್ಕೆ ಕರೆದರೂ ಬರುವುದಿಲ್ಲ. ಅವ್ವನಿಗೆ ಆ ಕೊರಗು ಇದೆ. ಅವತ್ತೇ ಎರಡು ಹಾಳೆ ಬರೆದುಕೊಂಡಿದ್ದರೆ, ಚುನಾವಣೆ ಬಿಟ್ಟು ನಾವು ನೀರು ಹೊತ್ತಿದ್ದರೆ, ಛತ್ತೂ ಉಳಿಯುತ್ತಿತ್ತು, ಸಂಬಂಧವೂ ಉಳಿಯುತ್ತಿತ್ತು ಎಂದು ನಮಗೆ ಈಗಲೂ ಅನ್ನಿಸುತ್ತದೆ.

ಜುಲೈ ಕೊನೆಗೆ ಒಂದು ವಾರ ಮಳೆ ಹಿಡಿಯಿತು. ಮೊದಲ ರಾತ್ರಿ ನಾವು ಎರಡು ಸಲ ಎದ್ದು ಟಾರ್ಚು ಹಾಕಿ ಛತ್ತು ನೋಡಿದೆವು. ಅವ್ವ ಎದ್ದಿರಲಿಲ್ಲ. ಅದೇ ಮಂಚದ ಮೇಲೆ, ಅದೇ ಕಡೆ ತಲೆ ಇಟ್ಟು ನಿದ್ದೆ ಹೋಗಿದ್ದಳು.