ಉಳವಿಯ ದಾರಿಯ ಲೆಕ್ಕ

ನಮ್ಮ ಮನೆಗಳಲ್ಲಿ ಒಬ್ಬರು ಲಿಂಗೈಕ್ಯರಾದಾಗ ನಡೆಯುವ ಕ್ರಿಯಾವಿಧಿಗಳು ಸರಳವಾದವು. ದೇಹಕ್ಕೆ ಸ್ನಾನ ಮಾಡಿಸಿ, ವಿಭೂತಿ ಧರಿಸಿ, ಬದುಕಿನುದ್ದಕ್ಕೂ ಎದೆಯ ಮೇಲಿದ್ದ ಇಷ್ಟಲಿಂಗವನ್ನು ಎಡಗೈಯಲ್ಲಿರಿಸಿ, ಕುಳಿತ ಭಂಗಿಯಲ್ಲಿಯೇ ಭೂಮಿತಾಯಿಯ ಮಡಿಲಿಗೆ ಒಪ್ಪಿಸುತ್ತೇವೆ. ಬಿಲ್ವಪತ್ರೆ, ವಿಭೂತಿ, ಬಂಧುಗಳು ಹಾಕುವ ಹಿಡಿ ಹಿಡಿ ಮಣ್ಣು, ಅನಂತರ ಶಿವಗಣಾರಾಧನೆ. ನದಿಯಲ್ಲಿ ಬಿಡಲು ಅಸ್ಥಿಯಿಲ್ಲ, ಪಿಂಡಪ್ರದಾನವಿಲ್ಲ, ಸೂತಕವೆಂಬುದೂ ಇಲ್ಲ. ಬಸವಾದಿ ಪ್ರಮಥರು ಪಂಚಸೂತಕಗಳನ್ನು ನಿರಾಕರಿಸಿ ಮರಣದ ಭಯವನ್ನೇ ಬೇರುಸಹಿತ ಕಿತ್ತುಹಾಕಿದರು. ತತ್ತ್ವದೃಷ್ಟಿಯಿಂದ ಇದು ಎಷ್ಟು ಉದಾತ್ತವೋ, ಮನೆಯಲ್ಲಿ ಉಳಿದವರಿಗೆ ಅಷ್ಟೇ ಕಠಿಣವೂ ಹೌದು. ಬಯಲು ಬಯಲಿನಲ್ಲಿ ಬೆರೆತ ಮೇಲೆ ಐಕ್ಯರಾದವರಿಗಾಗಿ ಮಾಡಬೇಕಾದದ್ದೇನೂ ಬಾಕಿಯಿರುವುದಿಲ್ಲ. ಉಳಿದವರ ಕೈಗಳು ಮಾತ್ರ ಬರಿದಾಗಿರುತ್ತವೆ. ಆ ಬರಿಗೈಗಳಿಗೆ ಶರಣರು ಯಾವ ಕಾಯಕವನ್ನು ಕೊಟ್ಟಿದ್ದಾರೆ? ಈ ಪ್ರಶ್ನೆಯನ್ನು ನಾನು ಪಾಠಶಾಲೆಯ ದಿನಗಳಿಂದ ಗ್ರಂಥಗಳಲ್ಲಿ ಓದಿದ್ದೆ, ಇತರರಿಗೆ ವಿವರಿಸಿಯೂ ಇದ್ದೆ. ಅದು ನನ್ನ ಮನೆಯ ಹೊಸ್ತಿಲನ್ನು ದಾಟಿ ಬಂದದ್ದು 2024ರಲ್ಲಿ, ನನ್ನ ಸಹಧರ್ಮಿಣಿ ಲಿಂಗೈಕ್ಯಳಾದಾಗ.

ಕುದೂರಿನ ನಮ್ಮ ತೋಟದಲ್ಲಿ ಆಕೆಯ ಸಮಾಧಿಯಾಯಿತು. ಗಣಾರಾಧನೆ ಮುಗಿದು ಬಂಧುಗಳೆಲ್ಲ ಹಿಂದಿರುಗಿದ ಮೇಲೆ ಮಗಳು ತಾಯಿಯ ಪೆಟ್ಟಿಗೆಯನ್ನು ತೆರೆದಳು. ಸೀರೆಗಳ ಅಡಿಯಲ್ಲಿ ಒಂದು ಶಾಲಾ ನೋಟುಪುಸ್ತಕವಿತ್ತು. 1994ರ ಮಾಘಮಾಸದಲ್ಲಿ ನಮ್ಮ ಊರಿನ ಹದಿನಾಲ್ಕು ಮಂದಿ ಬಾಡಿಗೆಯ ವ್ಯಾನಿನಲ್ಲಿ ಕೂಡಲಸಂಗಮ, ಬಸವಕಲ್ಯಾಣ, ಉಳವಿಗಳ ಯಾತ್ರೆ ಮಾಡಿಬಂದಿದ್ದರು. ನನ್ನ ತಾಯಿಯವರನ್ನು ಕರೆದುಕೊಂಡು ಆಕೆಯೂ ಹೋಗಿದ್ದಳು. ಆ ಪ್ರಯಾಣದ ಖರ್ಚುವೆಚ್ಚವೆಲ್ಲ ಆ ಪುಸ್ತಕದಲ್ಲಿತ್ತು: ವ್ಯಾನಿನ ಬಾಡಿಗೆ, ವಿಭೂತಿಗಟ್ಟಿ, ಹೂವು, ಅತ್ತೆಯವರ ಮಂಡಿನೋವಿಗೆ ಎಣ್ಣೆ. ಕೊನೆಯ ಪುಟದಲ್ಲಿ "ಕೊಡಬೇಕಾದದ್ದು" ಎಂಬ ತಲೆಬರಹದ ಕೆಳಗೆ ಒಂದೇ ಬಾಬ್ತು. ಕಿತ್ತೂರು ದಾಟಿದ ಮೇಲೆ ವ್ಯಾನು ಕೆಟ್ಟು ನಿಂತಾಗ ಹಳ್ಳಿಯೊಂದರ ಮನೆಯವರು ಹದಿನಾಲ್ಕು ಜನರಿಗೂ ರೊಟ್ಟಿ, ಮಜ್ಜಿಗೆ ಕೊಟ್ಟರು, ಹಣ ಮುಟ್ಟಲಿಲ್ಲ. ಊರಿನ ಹೆಸರಿಲ್ಲ, ಮನೆಯವರ ಹೆಸರಿಲ್ಲ. ಬಾಕಿಯ ಮುಂದೆ ಮೊತ್ತವೂ ಇಲ್ಲ.

"ಅಪ್ಪಾಜಿ, ಇದು ಅಮ್ಮ ಬರೆದಿಟ್ಟ ಸಾಲ. ತೀರಿಸಿ ಬರೋಣ" ಎಂದಳು ಮಗಳು. ಮಗನೂ ಒಪ್ಪಿದ. ಹೀಗೆ 2025ರ ಮಾಘಮಾಸದಲ್ಲಿ, ಭಾರತ ಹುಣ್ಣಿಮೆಗೆ ಉಳವಿ ಸೇರುವಂತೆ, ಆಕೆಯ ಪುಸ್ತಕವನ್ನೇ ದಾರಿತೋರುಕವಾಗಿ ಮಾಡಿಕೊಂಡು ನಾವು ಮೂವರು ಕಾರಿನಲ್ಲಿ ಹೊರಟೆವು.

ಶಿವಗಂಗೆಯ ಬೆಟ್ಟವನ್ನು ಬಳಸಿ ದಾಬಸ್‌ಪೇಟೆಯಲ್ಲಿ ಹೆದ್ದಾರಿಯನ್ನು ಸೇರಿ, ಮೊದಲು ಸಿದ್ಧಗಂಗೆಯಲ್ಲಿ ಇಳಿದೆವು. ಅದು ನನಗೆ ಅನ್ನ, ಅಕ್ಷರ, ಆಶ್ರಯಗಳನ್ನು ಕೊಟ್ಟ ಕ್ಷೇತ್ರ. ನಮ್ಮ ಮಾಗಡಿ ಸೀಮೆಯ ವೀರಾಪುರದಲ್ಲಿ 1907ರಲ್ಲಿ ಜನಿಸಿದ ಶಿವಣ್ಣನೆಂಬ ಬಾಲಕ ಎಂಟನೆಯ ವಯಸ್ಸಿಗೆ ತಾಯಿಯನ್ನು ಕಳೆದುಕೊಂಡವನು. ಮುಂದೆ ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದುತ್ತಿದ್ದಾಗ, 1930ರ ಜನವರಿಯಲ್ಲಿ, ಮಠದ ಉತ್ತರಾಧಿಕಾರಿಗಳಾಗಿದ್ದ ಆತನ ಸ್ನೇಹಿತರಾದ ಶ್ರೀ ಮರುಳಾರಾಧ್ಯರು ಲಿಂಗೈಕ್ಯರಾದರು. ಉದ್ಧಾನ ಶಿವಯೋಗಿಗಳು ಆ ತರುಣನನ್ನೇ ಮಠದ ಮುಂದಿನ ಹೊಣೆಗೆ ಆಯ್ಕೆ ಮಾಡಿದರು. ಮಾರ್ಚಿಯಲ್ಲಿ ವಿರಕ್ತಾಶ್ರಮದ ದೀಕ್ಷೆಯಾಗಿ ಶಿವಣ್ಣ ಶಿವಕುಮಾರ ಸ್ವಾಮಿಗಳಾದರು. ಸ್ನೇಹಿತನ ಅಗಲಿಕೆಯ ದುಃಖ ಆರುವ ಮೊದಲೇ ಸಾವಿರಾರು ಮಕ್ಕಳ ಹಸಿವಿನ ಭಾರ ಹೆಗಲೇರುವ ದಾರಿ ತೆರೆಯಿತು. ಅವರ ಗದ್ದುಗೆಯ ಮುಂದೆ ಕುಳಿತಾಗ 2019ರ ಜನವರಿ 21 ನೆನಪಾಯಿತು. ಪೂಜ್ಯರು ಅಂದು ಹಗಲಿನಲ್ಲಿ ಶಿವೈಕ್ಯರಾದರೂ, ಮಕ್ಕಳ ಪ್ರಸಾದ ಮುಗಿಯುವವರೆಗೆ ಸುದ್ದಿಯನ್ನು ಹೇಳಕೂಡದೆಂಬ ಅವರ ಇಚ್ಛೆಯಂತೆ ನಡೆಯಿತೆಂದು ಪತ್ರಿಕೆಗಳು ಬರೆದವು. ಮೊದಲು ಪ್ರಸಾದ, ಆಮೇಲೆ ಕಣ್ಣೀರು. ಈ ಕ್ರಮದ ಅರ್ಥ ನನಗೆ ಪೂರ್ಣವಾಗಿ ಹೊಳೆಯಲು ಇನ್ನೂ ನಾಲ್ಕು ದಿನಗಳ ದಾರಿ ಸವೆಯಬೇಕಾಗಿತ್ತು.

ಶಿರಾ, ಹಿರಿಯೂರು, ಚಿತ್ರದುರ್ಗಗಳನ್ನು ದಾಟಿ, ಹೊಸಪೇಟೆ, ಕುಷ್ಟಗಿ, ಇಳಕಲ್ಲು, ಹುನಗುಂದಗಳ ಮಾರ್ಗವಾಗಿ ಇಳಿಹೊತ್ತಿಗೆ ಕೂಡಲಸಂಗಮವನ್ನು ತಲುಪಿದೆವು. ಕಾರಿನಲ್ಲಿ ಮಾತು ಕಡಿಮೆಯಿತ್ತು. ಮಗಳು ಆಗಾಗ ಪುಸ್ತಕವನ್ನು ತೆರೆದು, ಇಲ್ಲಿ ಅಮ್ಮ ಪೇರಲೆ ಕೊಂಡರು, ಇಲ್ಲಿ ಅಜ್ಜಿಗೆ ಚಹಾ ಕುಡಿಸಿದರು ಎಂದು ಓದುತ್ತಿದ್ದಳು. ಮೂವತ್ತೊಂದು ವರ್ಷಗಳ ಹಿಂದಿನ ಆ ಸಣ್ಣ ಸಣ್ಣ ಮೊತ್ತಗಳನ್ನು ಕೇಳಿ ಮಗ ನಕ್ಕ. ಸ್ವಲ್ಪ ಹೊತ್ತಿನ ಮೇಲೆ ಕಾರನ್ನು ಹುಣಸೆಯ ಮರದ ನೆರಳಿಗೆ ನಿಲ್ಲಿಸಿ, ಕೆಳಗಿಳಿದು ಒಬ್ಬನೇ ನಿಂತುಕೊಂಡ. ನಾವು ಕರೆಯಲಿಲ್ಲ.

ಸಂಗಮದಲ್ಲಿ ಮಲಪ್ರಭೆ ಕೃಷ್ಣೆಯನ್ನು ಕೂಡುತ್ತಾಳೆ. ನಾರಾಯಣಪುರದ ಅಣೆಕಟ್ಟಿನ ಹಿನ್ನೀರು ಮುಳುಗಿಸದಂತೆ ಅಣ್ಣನವರ ಐಕ್ಯಸ್ಥಳದ ಸುತ್ತ ಎತ್ತರದ ಗೋಡೆಯನ್ನು ಕಟ್ಟಿ, ಬಾವಿಗೆ ಇಳಿದಂತೆ ಮೆಟ್ಟಿಲಿಳಿದು ದರ್ಶನ ಪಡೆಯುವ ವ್ಯವಸ್ಥೆ ಮಾಡಿದ್ದಾರೆ. ಸುತ್ತಲೂ ನೀರು, ನಡುವೆ ಮೌನ. ಮರುದಿನ ಮುದ್ದೇಬಿಹಾಳ ಸೀಮೆಯ ತಂಗಡಗಿಗೆ ಹೋದೆವು. ಕೃಷ್ಣೆಯ ದಡದ ಈ ಊರು ನೀಲಮ್ಮನವರ ಐಕ್ಯಸ್ಥಳ. ಅಣ್ಣನವರ ಕರೆ ಬಂದು ಕಲ್ಯಾಣದಿಂದ ಸಂಗಮಕ್ಕೆ ಹೊರಟ ನೀಲಮ್ಮ, ಇಲ್ಲಿಗೆ ಬಂದಾಗ ಅವರು ಐಕ್ಯರಾದ ಸುದ್ದಿ ತಿಳಿದು ಇಲ್ಲಿಯೇ ಬಯಲಾದರೆಂಬುದು ಪರಂಪರೆಯ ನಂಬಿಕೆ. ಬಸವಣ್ಣನವರ ಅಗಲಿಕೆಯ ಅನಂತರದ ಅನುಭವವನ್ನು ನುಡಿಯುವ ನೀಲಮ್ಮನವರ ವಚನಗಳು ನಮಗೆ ಉಳಿದಿವೆ. ಸತಿ ಪತಿ ಎಂಬ ಎರಡು ಅಳಿದು ಒಂದಾಗುವ ಆ ತತ್ತ್ವವನ್ನು ಎಷ್ಟೋ ವರ್ಷ ಪಾಠ ಹೇಳಿದ್ದೇನೆ. ಅಲ್ಲಿ ನಿಂತಾಗ ಪಾಠ ಹೇಳುವ ನಾಲಗೆ ಸುಮ್ಮನಾಯಿತು.

ಬಸವನ ಬಾಗೇವಾಡಿ, ಸಿಂದಗಿ, ಕಲಬುರಗಿಗಳ ಮೂಲಕ ಬಸವಕಲ್ಯಾಣವನ್ನು ಸೇರಿದೆವು. ತ್ರಿಪುರಾಂತಕ ಕೆರೆ, ಅಕ್ಕನಾಗಮ್ಮನ ಗವಿ, ನುಲಿಯ ಚಂದಯ್ಯನವರ ಗವಿ ಇವುಗಳ ಸನ್ನಿಧಿಯಲ್ಲಿ ಹೊಸ ಅನುಭವ ಮಂಟಪದ ನಿರ್ಮಾಣ ನಡೆದಿತ್ತು. ಅದಕ್ಕೆ ಶಂಕುಸ್ಥಾಪನೆಯಾದದ್ದು 2021ರ ಜನವರಿಯಲ್ಲಿ. ಹನ್ನೆರಡನೆಯ ಶತಮಾನದಲ್ಲಿ ಹರಳಯ್ಯ ಮಧುವರಸರ ಮಕ್ಕಳ ವಿವಾಹದ ನೆಪದಲ್ಲಿ ಈ ನೆಲದ ಮೇಲೆ ರಕ್ತ ಹರಿಯಿತು. ಶರಣರು ಗುಂಪುಗುಂಪಾಗಿ ಚದುರಿದರು. ಚೆನ್ನಬಸವಣ್ಣನವರೂ ಅವರ ತಾಯಿ ಅಕ್ಕನಾಗಮ್ಮನವರೂ ಉಳವಿಯ ಕಾಡಿನ ಕಡೆಗೆ ನಡೆದರು. ಬಂಧುಗಳ ಹೆಣಗಳನ್ನು ಹಿಂದೆ ಬಿಟ್ಟು ನಡೆದವರ ಹೆಗಲ ಮೇಲೆ ಏನಿತ್ತು? ಚಿನ್ನವಲ್ಲ, ಧಾನ್ಯವಲ್ಲ, ವಚನದ ಕಟ್ಟುಗಳಿದ್ದವು. ಅಳುತ್ತ ಕುಳಿತಿದ್ದರೆ ನಮಗೆ ವಚನಗಳಿರುತ್ತಿರಲಿಲ್ಲ. ಅಳುವನ್ನು ಮರೆತು ಓಡಿದ್ದರೂ ಇರುತ್ತಿರಲಿಲ್ಲ. ಅವರು ದುಃಖವನ್ನೂ ಕಟ್ಟುಗಳನ್ನೂ ಒಂದೇ ಹೆಗಲಲ್ಲಿ ಹೊತ್ತರು.

ಅಲ್ಲಿಂದ ಉಳವಿಯವರೆಗಿನ ದಾರಿಯೆಲ್ಲ ಈ ಹೊರುವಿಕೆಯ ಗುರುತುಗಳೇ. ವಿಜಯಪುರದಲ್ಲಿ ಫ. ಗು. ಹಳಕಟ್ಟಿಯವರನ್ನು ನೆನೆದೆವು. ವಕೀಲಿ ವೃತ್ತಿಯ ಅವರು ಊರೂರು ಅಲೆದು, ಮನೆಗಳ ಜಗಲಿಯಲ್ಲಿ ಪೂಜೆಗೊಳ್ಳುತ್ತಿದ್ದ ತಾಳೆಯೋಲೆಗಳನ್ನು ಬೇಡಿ ತಂದು, 1923ರಲ್ಲಿ 'ವಚನಶಾಸ್ತ್ರ ಸಾರ'ದ ಮೊದಲ ಭಾಗವನ್ನು ಪ್ರಕಟಿಸಿದರು. ಮುದ್ರಣಾಲಯಕ್ಕಾಗಿ ಇದ್ದ ಮನೆಯನ್ನೇ ಮಾರಿದರು. ಬೈಲಹೊಂಗಲದ ಆಚೆ ಎಂ. ಕೆ. ಹುಬ್ಬಳ್ಳಿಯಲ್ಲಿ ಮಲಪ್ರಭೆಯ ಪಾತ್ರದಲ್ಲಿಯೇ ಗಂಗಾಂಬಿಕೆಯವರ ಐಕ್ಯಮಂಟಪವಿದೆ. ಅಲ್ಲಿ ಅವರ ಪಾದವನ್ನು ತೊಳೆದ ನೀರೇ ಹರಿದು ಹರಿದು ಸಂಗಮದಲ್ಲಿ ಅಣ್ಣನವರ ಸನ್ನಿಧಿಯನ್ನು ಸೇರುತ್ತದೆಂಬುದು ಹೊಳೆದಾಗ, ಮಗಳು ಬಹಳ ಹೊತ್ತು ನೀರನ್ನೇ ನೋಡುತ್ತ ನಿಂತಳು. ಇನ್ನು ಕಕ್ಕೇರಿ, ಶರಣರ ರಕ್ಷಣೆಗಾಗಿ ಹೋರಾಡಿದ ಡೋಹರ ಕಕ್ಕಯ್ಯನವರ ಸಮಾಧಿಸ್ಥಳ. ವಚನವನ್ನು ಬರೆದವರಂತೆ, ಹೊತ್ತವರಂತೆ, ಹೊತ್ತವರನ್ನು ಕಾಯ್ದವರೂ ಶರಣರೇ.

ಕಿತ್ತೂರು ಕಕ್ಕೇರಿಗಳ ಆ ಪ್ರದೇಶದಲ್ಲಿ ಆಕೆಯ ಸಾಲದ ಮನೆಯನ್ನು ಹುಡುಕಿದೆವು. ಮೂರು ಹಳ್ಳಿಗಳಲ್ಲಿ ಕೇಳಿದೆವು. ಉಳವಿಯ ಜಾತ್ರೆಗೆ ಹೊರಟ ಚಕ್ಕಡಿಗಳು ದಾರಿಯುದ್ದಕ್ಕೂ ಸಾಲುಗಟ್ಟಿದ್ದವು. ಎತ್ತುಗಳ ಕೊರಳ ಗೆಜ್ಜೆಯ ಸದ್ದು ಕಾಡಿನವರೆಗೂ ಹಬ್ಬಿತ್ತು. ಒಂದು ಹಳ್ಳಿಯ ಕಟ್ಟೆಯ ಮೇಲೆ ಮಜ್ಜಿಗೆಯ ಹರವಿಯನ್ನಿಟ್ಟು ಕುಳಿತಿದ್ದ ವೃದ್ಧರೊಬ್ಬರು ನಮ್ಮ ವೃತ್ತಾಂತವನ್ನೆಲ್ಲ ಕೇಳಿದರು. ನೋಟುಪುಸ್ತಕವನ್ನು ಕೈಗೆ ತೆಗೆದುಕೊಂಡು, ಓದಲು ಕನ್ನಡಕವಿಲ್ಲವೆಂದು ಹಿಂದಿರುಗಿಸಿ ಹೇಳಿದರು: "ಇದರ ಲೆಕ್ಕಾ ಯಾರ ಇಟ್ಟಾರ್ರೀ? ಉಳವಿಗೆ ಹೋಗೋ ಮಂದಿ ಬಂದ್ರ ಎಲ್ಲಾ ಮನ್ಯಾಗೂ ಮಜ್ಜಗಿ ಕೊಡತಾರ. ನಿಮ್ಮ ಮನಿಯವ್ರು ಕುಡದದ್ದು ಬಸವಣ್ಣನ ಮನ್ಯಾಗ ಅಂತ ತಿಳಕೋರಿ. ಈಗ ನೀವೂ ಕುಡೀರಿ, ಬಿಸಿಲಾಗೇದ." ಮಗ ಹಣದ ಚೀಲಕ್ಕೆ ಕೈಹಾಕಿದ. ವೃದ್ಧರು ತಲೆಯಲ್ಲಾಡಿಸಿ ಲೋಟವನ್ನು ಮುಂದೆ ಚಾಚಿದರು. ನಾವು ಮೂವರೂ ಕುಡಿದೆವು. ತೀರಿಸಲು ಹೊರಟ ಸಾಲ ಇನ್ನೂ ಮೂರು ಲೋಟದಷ್ಟು ಬೆಳೆಯಿತು.

ಹಳಿಯಾಳ, ದಾಂಡೇಲಿ, ಜೋಯಿಡಾಗಳನ್ನು ಹಾದು ದಟ್ಟಡವಿಯ ನಡುವಿನ ಉಳವಿಯನ್ನು ಹುಣ್ಣಿಮೆಗೆ ಸೇರಿದೆವು. ಮಹಾಮನೆ ಗವಿ, ಆಕಳಗವಿಗಳನ್ನು ನೋಡಿ ಚೆನ್ನಬಸವಣ್ಣನವರ ಸಮಾಧಿಯ ಮುಂದೆ ಕುಳಿತಾಗ ಅಕ್ಕನಾಗಮ್ಮನವರು ಕಣ್ಮುಂದೆ ಬಂದರು. ತಮ್ಮನನ್ನು ಸಂಗಮದಲ್ಲಿ, ಮಗನನ್ನು ಉಳವಿಯಲ್ಲಿ ಬಯಲಿಗೆ ಒಪ್ಪಿಸಿದ ಆ ತಾಯಿ ಅಲ್ಲಿಯೂ ನಿಲ್ಲದೆ ಮುಂದೆ ತರೀಕೆರೆಯ ಬಳಿಯ ಎಣ್ಣೆಹೊಳೆಯವರೆಗೂ ಸಾಗಿದರೆಂದು ಪರಂಪರೆ ಹೇಳುತ್ತದೆ. ಆಕೆಗೆ ಮುಂದೆ ನಡೆಯುವ ಬಲವನ್ನು ಕೊಟ್ಟದ್ದು ಯಾವುದು? ಹೊತ್ತದ್ದನ್ನು ಮುಂದಿನವರ ಕೈಗೆ ಒಪ್ಪಿಸಬೇಕೆಂಬ ಹೊಣೆ. ಮುಂದಿನವರು ಅದನ್ನು ಪಡೆದುಕೊಂಡರು. ಶತಮಾನಗಳ ಅನಂತರ ನಮ್ಮ ಪಕ್ಕದ ಕುಣಿಗಲ್ ಸೀಮೆಯ ಎಡೆಯೂರಿನಲ್ಲಿ ನೆಲೆಸಿದ ತೋಂಟದ ಸಿದ್ಧಲಿಂಗ ಯತಿಗಳೂ ಅವರ ಶಿಷ್ಯ ಪರಂಪರೆಯೂ ವಚನಗಳಿಗೆ ಮರುಹುಟ್ಟು ನೀಡಿದರು. ಕಲ್ಯಾಣದ ದುಃಖಿಗಳು ಹೊತ್ತು ಹೊರಟದ್ದು ನಮ್ಮ ಬಾಗಿಲಿಗೇ ಬಂದು ತಲುಪಿದೆ. ಅಷ್ಟು ದೂರ ಹೋಗಿ ನಾನು ಅರಿತದ್ದು ಇಷ್ಟೇ.

ನನ್ನ ಆರಂಭದ ಪ್ರಶ್ನೆಗೆ ಆ ವೃದ್ಧರ ಮಜ್ಜಿಗೆಯ ಲೋಟದಲ್ಲಿ ಉತ್ತರವಿತ್ತು. ಬರಿಗೈಗಳಿಗೆ ಶರಣರು ಕೊಟ್ಟ ಕಾಯಕ ದಾಸೋಹ. ಐಕ್ಯರಾದವರು ಪಡೆದುಕೊಂಡ ಉಪಕಾರವನ್ನು ಕೊಟ್ಟವರಿಗೇ ಹಿಂದಿರುಗಿಸಲು ಆಗುವುದಿಲ್ಲ. ದಾರಿಯಲ್ಲಿ ಎದುರಾಗುವ ಮುಂದಿನವರಿಗೆ ಸಲ್ಲಿಸಬೇಕು. ದುಃಖ ಇದರಿಂದ ಕರಗಿಹೋಗುತ್ತದೆಂದು ನಾನು ಹೇಳಲಾರೆ. ಮುಂಜಾನೆ ಲಿಂಗಪೂಜೆಗೆ ಕುಳಿತಾಗ, ಪತ್ರೆ ತಂದಿಡುವ ಬಳೆಯ ಸದ್ದಿಗಾಗಿ ಕಿವಿ ಇಂದಿಗೂ ಕಾಯುತ್ತದೆ. ಆದರೆ ಕೈಗಳು ಬರಿದಾಗಿಲ್ಲ.

ಯಾತ್ರೆಯಿಂದ ಹಿಂದಿರುಗಿ ಎರಡು ವಾರಗಳಲ್ಲಿ ಮಹಾಶಿವರಾತ್ರಿ ಬಂದಿತು. ಸಿದ್ಧಗಂಗೆಯಲ್ಲಿ ಜಾತ್ರೆ, ದನಗಳ ಪರಿಷೆ. ಜಾತ್ರೆಗೆ ಹೋಗುವ ದಾರಿಯ ಮರದಡಿಯಲ್ಲಿ ಮಕ್ಕಳಿಬ್ಬರೂ ಮಜ್ಜಿಗೆ, ಪಾನಕಗಳ ಹಂಡೆಯನ್ನಿಟ್ಟರು. ಎಷ್ಟು ಮಂದಿ ಕುಡಿದರೆಂದು ಎಣಿಸಲಿಲ್ಲ. ರಾತ್ರಿ ಮಗಳು ತಾಯಿಯ ಪುಸ್ತಕವನ್ನು ತೆರೆದು, ಬಾಕಿಯ ಆ ಬಾಬ್ತಿನ ಕೆಳಗೆ ದಿನಾಂಕವನ್ನು ಮಾತ್ರ ಬರೆದಳು, ಸಂದಾಯವಾಯಿತೆಂದು ಬರೆಯಲಿಲ್ಲ.

ಶರಣಬಂಧುಗಳೇ, ನಿಮ್ಮ ಮನೆಗಳಲ್ಲಿಯೂ ಅಗಲಿದ ಹಿರಿಯರ ಇಂತಹ ಬಾಕಿಗಳಿರಬಹುದು. ಯಾರೋ ಓದಿಸಿದ ಋಣ, ಯಾರೋ ಬಡಿಸಿದ ಅನ್ನ, ಯಾವುದೋ ಊರಿನವರು ಕೊಟ್ಟ ನೀರು. ಅವರ ಪುಣ್ಯಸ್ಮರಣೆಯ ದಿನ ಭಾವಚಿತ್ರಕ್ಕೆ ಹಾರ ಹಾಕುವುದರೊಂದಿಗೆ ಆ ಬಾಕಿಗಳಲ್ಲಿ ಒಂದನ್ನಾದರೂ ಹುಡುಕಿ, ಹಸಿದವರೊಬ್ಬರಿಗೆ ಸಲ್ಲಿಸಿರಿ. ಮಕ್ಕಳ ಕೈಯಿಂದಲೇ ಸಲ್ಲಿಸಿರಿ. ಮೊದಲು ಪ್ರಸಾದವಾಗಲಿ, ಕಣ್ಣೀರಿಗೆ ಆಮೇಲೆ ಸಮಯವಿದ್ದೇ ಇದೆ.